ಅಪ್ಪನ ಗಂಜಿ, ನನ್ನ ಕಿರ್ದಿ

ದಾವಣಗೆರೆ
ಬುಧವಾರ ರಾತ್ರಿ

ಪ್ರೀತಿಯ ದೋಸ್ತ,

ಹತ್ತು ದಿನದ ಹಿಂದೆ ನೀನು ಬಂದಾಗ ಬೆಣ್ಣೆ ದೋಸೆ ತಿನ್ನುತ್ತಾ ಒಂದು ಮಾತು ಕೇಳಿದೆಯಲ್ಲ, ಅದು ಇನ್ನೂ ತಲೆಯಲ್ಲೇ ಕೂತಿದೆ. ನಾನು ಎರಡನೇ ದೋಸೆ ಬೇಡ ಎಂದೆ. ಲೆಂಟ್, ಅಂದರೆ ನಮ್ಮ ಕ್ರೈಸ್ತರ ಉಪವಾಸದ ಕಾಲ, ನಡೆಯುತ್ತಿದೆ, ಈಸ್ಟರ್‌ವರೆಗೆ ಸ್ವಲ್ಪ ಕೈಬಿಗಿ ಎಂದೆ. ನೀನು ಚಟ್ನಿ ಸುರಿದುಕೊಳ್ಳುತ್ತಾ, "ನಿಮ್ಮ ಧರ್ಮದಲ್ಲಿ ಬೇಡ ಅನ್ನೋದೇ ಜಾಸ್ತಿ ಅಲ್ವಾ? ಕುಡಿಯಬೇಡ, ಸಿನಿಮಾ ಬೇಡ, ಭಾನುವಾರ ತಪ್ಪಿಸಬೇಡ. ಅದೇನು ದೇವರೋ, ಹಾಸ್ಟೆಲ್ ವಾರ್ಡನ್ನೋ?" ಎಂದೆ. ನಾನು ನಕ್ಕು ಬಿಲ್ ಕೊಡಲು ಎದ್ದೆ. ಹೇಳಲು ಏನೂ ಇರಲಿಲ್ಲ ಅಂತಲ್ಲ. ಹೇಳಬೇಕಾದ್ದು ಉದ್ದ ಇತ್ತು. ನಮ್ಮ ಟೇಬಲ್ ಖಾಲಿಯಾಗಲಿ ಅಂತ ನಾಲ್ಕು ಜನ ಬೆನ್ನ ಹಿಂದೆಯೇ ನಿಂತಿದ್ದರು.

ಮೊದಲು ಒಪ್ಪಿಕೊಂಡುಬಿಡುತ್ತೇನೆ. ನನ್ನ ಮಟ್ಟಿಗೆ ನೀನು ಹೇಳಿದ್ದು ಬಹಳ ವರ್ಷ ನಿಜವೇ ಆಗಿತ್ತು. ನನ್ನ ಕೆಲಸ ನಿನಗೆ ಗೊತ್ತು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಕೂತು ಮೆಕ್ಕೆಜೋಳದ ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು, ಯಾರ ಬಾಕಿ ಎಷ್ಟು ಅಂತ ಬರೆಯುವವನು ನಾನು. ಅದಕ್ಕೂ ಮುಂಚೆ, ಹತ್ತನೇ ಕ್ಲಾಸಿನಿಂದಲೇ, ದೇವರ ಲೆಕ್ಕದ ಕಿರ್ದಿಯೊಂದನ್ನು ಬರೆಯುತ್ತಿದ್ದೆ. ನೂರು ಪುಟದ ನೋಟ್‌ಬುಕ್. ಸ್ಕೇಲ್ ಇಟ್ಟು ಗೆರೆ ಎಳೆದ ಐದು ಕಾಲಂ. ಬೆಳಗಿನ ಪ್ರಾರ್ಥನೆ, ಬೈಬಲ್ ಅಧ್ಯಾಯ, ಸುಳ್ಳು, ಸಿಟ್ಟು, ಕೆಟ್ಟ ಯೋಚನೆ. ಐದನೇ ಕಾಲಂ ಬಗ್ಗೆ ನಿನಗೆ ಬಿಡಿಸಿ ಹೇಳಬೇಕಿಲ್ಲ, ಮೂರು ವರ್ಷ ಒಂದೇ ರೂಮಿನಲ್ಲಿದ್ದೆವು.

ಲೆಕ್ಕ ಸರಿ ಬಂದ ದಿನ ದೇವರ ಮುಂದೆ ಎದೆ ಸೆಟೆಸಿ ಕೂರುತ್ತಿದ್ದೆ. ತಪ್ಪಿದ ದಿನ ಪ್ರಾರ್ಥನೆಗೇ ಹೋಗುತ್ತಿರಲಿಲ್ಲ. ಬಾಕಿ ಉಳಿಸಿಕೊಂಡವನು ಅಂಗಡಿ ಮುಂದೆ ಹಾಯದೆ ಹಿಂದಿನ ಓಣಿ ಹಿಡಿಯುತ್ತಾನಲ್ಲ, ಹಾಗೆ.

ನನ್ನಂಥವರು ಹೊಸಬರೇನಲ್ಲ. ಇಂಗ್ಲೆಂಡಿನ ಜಾನ್ ವೆಸ್ಲಿ ಎಂಬ ಪಾದ್ರಿ ಆಕ್ಸ್‌ಫರ್ಡಿನಲ್ಲಿದ್ದಾಗ ಇದನ್ನೇ ಮಾಡುತ್ತಿದ್ದ. ಉಪವಾಸ, ಜೈಲಿಗೆ ಹೋಗಿ ಕೈದಿಗಳ ಸೇವೆ, ಗಂಟೆಗಂಟೆಗೂ ತನ್ನನ್ನೇ ಪರೀಕ್ಷಿಸಿಕೊಂಡು ಡೈರಿಯಲ್ಲಿ ಗುರುತು. ಅವನ ಗುಂಪಿನ ಪದ್ಧತಿ ನೋಡಿ ಜನ ‘ಮೆಥಡಿಸ್ಟ್’ ಅಂತ ಗೇಲಿ ಮಾಡಿದರು. ಆ ಹೆಸರೇ ಉಳಿಯಿತು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಕೂತಿದ್ದಾಗ ಅವನ ಎದೆ ಬೆಚ್ಚಗಾಯಿತಂತೆ. ಅದಕ್ಕಿಂತ ನನಗೆ ಇಷ್ಟವಾದದ್ದು ಅವನು ತನ್ನ ಹಳೆಯ ದಿನಗಳ ಬಗ್ಗೆ ಆಮೇಲೆ ಬರೆದುಕೊಂಡ ಮಾತು. ಆಗಲೂ ನನ್ನಲ್ಲಿ ನಂಬಿಕೆ ಇತ್ತು, ಆದರೆ ಅದು ಆಳಿನ ನಂಬಿಕೆ, ಮಗನದಲ್ಲ ಎಂದ.

ಆಳು, ಮಗ. ಯೇಸು ಹೇಳಿದ ತಪ್ಪಿಹೋದ ಮಗನ ಕತೆಯಲ್ಲೂ ಇರುವುದು ಇದೇ. ಆಸ್ತಿ ಪಾಲು ಇಸಿದುಕೊಂಡು ದುಂದು ಮಾಡಿ ಹಂದಿ ಕಾಯುವ ಗತಿಗೆ ಬಂದ ಕಿರಿಯವನು ಎಲ್ಲರಿಗೂ ಗೊತ್ತು. ಹಿರಿಯವನನ್ನು ಯಾರೂ ಅಷ್ಟು ನೋಡುವುದಿಲ್ಲ. ತಮ್ಮ ವಾಪಸ್ ಬಂದ, ಮನೆಯಲ್ಲಿ ಹಬ್ಬ, ಇವನು ಒಳಗೆ ಬರಲು ಒಲ್ಲೆ ಎಂದು ಹೊರಗೇ ನಿಂತ. ಅಪ್ಪ ಹೊರಗೆ ಬಂದು ಕರೆದರೆ ಏನು ಹೇಳಿದ ಗೊತ್ತಾ? ಇಷ್ಟು ವರ್ಷ ನಿನಗೆ ಜೀತ ಮಾಡಿದ್ದೇನೆ, ನಿನ್ನ ಒಂದು ಮಾತೂ ಮೀರಿಲ್ಲ, ನನಗೆ ಒಂದು ಆಡುಮರಿಯನ್ನಾದರೂ ಕೊಟ್ಟೆಯಾ ಅಂತ. ಮಗನಾಗಿ ಹುಟ್ಟಿ, ಅಪ್ಪನ ಹೊಲದಲ್ಲಿ ಜೀತ! ಎಲ್ಲ ಕಾಲಂನಲ್ಲೂ ಟಿಕ್ ಇದೆ, ಅಪ್ಪನ ಮುಖ ಮಾತ್ರ ಅವನಿಗೆ ಗೊತ್ತೇ ಇಲ್ಲ. ಆ ಮಾತು ಓದಿದಾಗಲೆಲ್ಲ ನನ್ನ ನೋಟ್‌ಬುಕ್ ನೆನಪಾಗುತ್ತದೆ. ಅವನು ಕೊನೆಗೆ ಒಳಗೆ ಹೋದನೋ ಇಲ್ಲವೋ, ಯೇಸು ಹೇಳದೆ ಬಿಟ್ಟ.

ಇನ್ನು ನನ್ನ ಅಪ್ಪನ ವಿಷಯ. ನಿನಗೆ ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆ.

ಲಕ್ವ ಹೊಡೆದು ಎರಡು ವರ್ಷವಾಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹತ್ತಿ ಮಿಲ್ಲಿನಲ್ಲಿ ಮಷೀನಿನ ಸದ್ದನ್ನೂ ಮೀರಿಸಿ ಕೂಗುತ್ತಿದ್ದ ಮನುಷ್ಯ, ನಿನಗೆ ನೆನಪಿರಬೇಕು. ಹಗಲು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಬರುತ್ತಾಳೆ. ಬೀರುವಿನ ಬಾಗಿಲಿಗೆ ಚಾರ್ಟ್ ಅಂಟಿಸಿದ್ದೇವೆ. ಏಳಕ್ಕೆ ಮಾತ್ರೆ, ಏಳೂವರೆಗೆ ರಾಗಿ ಗಂಜಿ, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಆಕೆ ಒಂದು ದಿನವೂ ತಪ್ಪಿಸಿಲ್ಲ. ತಪ್ಪಿಸಿದವನು ನಾನು. ನಾನು ತಿನ್ನಿಸಿದರೆ ಗಂಜಿ ಒಂದೋ ಬಿಸಿ, ಇಲ್ಲಾ ಅಂಗಿ ಮೇಲೆ. ಆದರೂ ನನ್ನ ಚಪ್ಪಲಿ ಸದ್ದು ಕೇಳಿದರೆ ಅಪ್ಪನ ಎಡಗೈ ಹಾಸಿಗೆಯಿಂದ ಮೇಲೇಳುತ್ತದೆ.

ಹೋದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಹೀಗಾಯಿತು. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಮೊಬೈಲು. ಮೆಕ್ಕೆಜೋಳದ ರೇಟು ನೋಡುತ್ತಾ ತಿನ್ನಿಸುತ್ತಿದ್ದೆ. ಅಪ್ಪ ಬಾಯಿ ಮುಚ್ಚಿಬಿಟ್ಟರು. "ಬಾಯಿ ತೆಗಿಯಪ್ಪಾ, ಟೈಮಾಯ್ತು" ಎಂದೆ. ತೆಗೆಯಲಿಲ್ಲ. ಸುಮ್ನೆ ನನ್ನನ್ನೇ ನೋಡುತ್ತಿದ್ದರು. ಗಂಜಿ ಅದೇ. ಬಿಸಿ ಹದವಾಗಿತ್ತು. ಗಂಟೆ ಸರಿಯಾಗಿ ಏಳೂವರೆ. ಚಾರ್ಟಿನ ಪ್ರಕಾರ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೊಬೈಲ್ ಕೆಳಗಿಟ್ಟೆ. ಈ ವಾರ ರೇಟು ಬಿದ್ದದ್ದು ಹೇಳಿದೆ. ಹಳೇ ಮಿಲ್ಲಿನವರಲ್ಲಿ ಯಾರ ಮಗಳ ಮದುವೆ ಎಂದು ಹೇಳಿದೆ. ಕುಂದವಾಡ ಕೆರೆ ಕಡೆ ವಾಕಿಂಗ್ ಹೋದವನು ಕಾಲು ಜಾರಿ ಬಿದ್ದದ್ದು ಹೇಳಿದೆ. ಅಪ್ಪನ ಅರ್ಧ ಮುಖ ನಕ್ಕಿತು. ಆಮೇಲೆ ಬಾಯಿ ತೆರೆದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಕಣೋ. ಇಪ್ಪತ್ತು ವರ್ಷ ನಾನು ದೇವರ ಮುಂದೆ ಕೂತದ್ದೆಲ್ಲ ಹೀಗೇ ಅಲ್ವಾ, ಚಾರ್ಟ್ ನೋಡಿಕೊಂಡು?

ಯೇಸು ಆಡುತ್ತಿದ್ದದ್ದು ಅರಮಾಯಿಕ್ ಭಾಷೆ. ಅದರಲ್ಲಿ ಅಪ್ಪನಿಗೆ ‘ಅಬ್ಬಾ’ ಅನ್ನುತ್ತಾರೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕಿನಲ್ಲಿ. ಆದರೂ ಮೂರು ಕಡೆ ಈ ಪದವನ್ನು ಹಾಗೇ ಇಟ್ಟಿದ್ದಾರೆ. ಒಂದು, ಸೈನಿಕರು ಹಿಡಿದುಕೊಂಡು ಹೋಗುವ ಸ್ವಲ್ಪ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದ್ದು. ಇನ್ನೆರಡು, ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ರೋಮಿನವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ. ನೀವು ಗುಲಾಮರಲ್ಲ, ಮಕ್ಕಳು, ಹಾಗಾಗಿ ಹೀಗೆ ಕೂಗುತ್ತೀರಿ ಎನ್ನುತ್ತಾನೆ ಅವನು. ನಮ್ಮ ‘ಅಪ್ಪಾ’ಗೆ ಎಷ್ಟು ಹತ್ತಿರ ನೋಡು, ಬಾಯಿ ತೆರೆದರೆ ಬರುವ ಸದ್ದು. ಪೌಲನ ಇನ್ನೊಂದು ಮಾತು ನನ್ನಂಥ ಗುಮಾಸ್ತನಿಗೇ ಬರೆದಂತಿದೆ. ನಮ್ಮ ಮೇಲಿದ್ದ ಕೈಬರಹದ ಸಾಲಪತ್ರವನ್ನು ದೇವರು ಶಿಲುಬೆಗೆ ಮೊಳೆ ಹೊಡೆದು ರದ್ದು ಮಾಡಿದ ಎಂದು ಕೊಲೊಸ್ಸೆಯವರಿಗೆ ಬರೆಯುತ್ತಾನೆ. ನಮ್ಮ ಮಂಡಿ ಭಾಷೆಯಲ್ಲಿ ಹೇಳಬೇಕೆಂದರೆ, ಪ್ರೋನೋಟೇ ಇಲ್ಲ. ನಾನು ಹಿಂದಿನ ಓಣಿಯಲ್ಲಿ ಯಾಕೆ ಓಡಾಡುತ್ತಿದ್ದೆನೋ!

ಹಾಗಾದರೆ ಏನು ಬೇಕಾದರೂ ಮಾಡಬಹುದಾ ಅಂತ ನೀನು ಕೇಳುತ್ತೀಯ, ಗೊತ್ತು. ಹತ್ತು ಆಜ್ಞೆಗಳು ಇವೆಯಲ್ಲ ಅಂತಲೂ. ಇವೆ. ಆದರೆ ಅವು ಶುರುವಾಗುವುದು ಹೇಗೆ ಅಂತ ನೋಡಿದ್ದೀಯಾ? ಕದಿಯಬೇಡ, ಕೊಲ್ಲಬೇಡ ಅನ್ನುವ ಮುಂಚೆ ದೇವರು ಹೇಳುವ ಮಾತು, ನಿನ್ನನ್ನು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿ ತಂದ ನಿನ್ನ ದೇವರು ನಾನೇ ಅಂತ. ಆ ಪುಸ್ತಕಕ್ಕೆ ಕನ್ನಡದಲ್ಲಿ ಹೆಸರೇ ವಿಮೋಚನಕಾಂಡ. ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ಆಜ್ಞೆ ಪಾಲಿಸಿ ಪಾಸಾದರೆ ಬಿಡಿಸುತ್ತೇನೆ ಅಂತ ಯಾರೂ ಹೇಳಿರಲಿಲ್ಲ. ಬೈಬಲಿನ ಮೊದಲ ಐದು ಪುಸ್ತಕಗಳಲ್ಲಿ, ಮೋಶೆಯ ಪುಸ್ತಕಗಳು ಅನ್ನುವವುಗಳಲ್ಲಿ, 613 ಆಜ್ಞೆಗಳಿವೆ ಎಂದು ಯೆಹೂದಿ ಗುರುಗಳ ಲೆಕ್ಕ. ಯಾವುದು ದೊಡ್ಡದು ಎಂದು ಕೇಳಿದ್ದಕ್ಕೆ ಯೇಸು ಎತ್ತಿಕೊಂಡದ್ದು ಎರಡನ್ನು. ದೇವರನ್ನು ಪೂರ್ತಿ ಮನಸ್ಸಿನಿಂದ ಪ್ರೀತಿಸು, ನೆರೆಯವನನ್ನು ನಿನ್ನ ಹಾಗೇ ಪ್ರೀತಿಸು. ಎರಡೂ ಸಲೀಸಲ್ಲ. ಕುಡಿಯದೆ ಇರುವುದು ಇದಕ್ಕಿಂತ ಎಷ್ಟೋ ವಾಸಿ.

ಚಳ್ಳಕೆರೆ ಕಡೆ ನಿಮ್ಮಜ್ಜನ ಕುರಿಹಟ್ಟಿಯ ಕತೆ ನೀನೇ ಹೇಳುತ್ತಿದ್ದೆ. ಈಯುವ ಕಾಲದಲ್ಲಿ ಅಜ್ಜ ಹಟ್ಟಿಯಲ್ಲೇ ಮಲಗುತ್ತಿದ್ದರು, ಬಡಕಲು ಮರಿಯನ್ನು ಕಂಬಳಿಯೊಳಗೆ ಹಾಕಿಕೊಂಡು ಬೆಳತನಕ ಎದ್ದಿರುತ್ತಿದ್ದರು ಅಂತ. ಯಾವ ರೂಲಿನಲ್ಲಿ ಅದು ಬರೆದಿತ್ತು? ಸಂಬಳದ ಆಳಾಗಿದ್ದರೆ ಅಷ್ಟು ಮಾಡುತ್ತಿದ್ದರಾ?

ಯೇಸುವಿನ ಶಿಷ್ಯ ಪೇತ್ರನಿಗೆ ಕೊನೆಗೆ ಸಿಕ್ಕಿದ್ದೂ ಕುರಿ ಕಾಯುವ ಕೆಲಸವೇ. ಯೇಸುವನ್ನು ಹಿಡಿದ ರಾತ್ರಿ ಅವನು ಕೆಂಡದ ಮುಂದೆ ಮೈ ಕಾಯಿಸಿಕೊಳ್ಳುತ್ತಾ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಸುಳ್ಳು ಹೇಳಿದ್ದ. ಯೇಸು ಸತ್ತು ಎದ್ದ ಮೇಲೆ ಕೆರೆಯ ದಡದಲ್ಲಿ ಮತ್ತೆ ಕೆಂಡ. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಈ ಕತೆ ಬರೆದ ಯೋಹಾನ ಎರಡೂ ಕಡೆ ಕೆಂಡ ಎಂದೇ ಬರೆದಿದ್ದಾನೆ. ಯೇಸು ಮೊದಲು, ಬನ್ನಿ, ಊಟ ಮಾಡಿ ಎಂದ. ಊಟ ಆದ ಮೇಲೆ ಪೇತ್ರನನ್ನು ಕೇಳಿದ. ಯಾಕೆ ಸುಳ್ಳು ಹೇಳಿದೆ ಎನ್ನಲಿಲ್ಲ. ಇನ್ನು ಮೇಲೆ ಹೇಳುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಕುರಿ ಮೇಯಿಸು ಎಂದ. ಅಷ್ಟೇ.

ನಾನೇನೂ ಪೂರ್ತಿ ಬದಲಾಗಿದ್ದೇನೆ ಅಂದುಕೊಳ್ಳಬೇಡ. ನೋಟ್‌ಬುಕ್ ಬಿಟ್ಟೆ, ಆದರೆ ಕೈಗೆ ಅಭ್ಯಾಸ ಉಳಿದಿದೆ. ಆ ಎರಡನೇ ದೋಸೆಯನ್ನೇ ತೆಗೆದುಕೋ. ಅರ್ಧ ಪ್ರೀತಿ, ಅರ್ಧ ಕಿರ್ದಿ. ಮನೆಗೆ ಬಂದ ಮೇಲೆ ನೆನಪಾಯಿತು, ಅವತ್ತು ಭಾನುವಾರ. ಲೆಂಟಿನ ನಲವತ್ತು ದಿನದ ಲೆಕ್ಕಕ್ಕೆ ಭಾನುವಾರಗಳು ಸೇರುವುದೇ ಇಲ್ಲ ಮಾರಾಯ! ರೂಲ್ ಪ್ರಕಾರವೂ ತಿನ್ನಬಹುದಿತ್ತು.

ಅಪ್ಪ ಎದ್ದರು ಅನಿಸುತ್ತದೆ, ಮಂಚ ಕಿರ್ ಅಂತು. ಮಗ್ಗುಲು ಬದಲಿಸಿ ಬರುತ್ತೇನೆ. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಬಾ. ನಿನ್ನ ದನಿ ಕೇಳಿದರೆ ಅಪ್ಪ ಗುರುತು ಹಿಡಿಯುತ್ತಾರೆ. ಬಾಕಿ ಇರುವ ದೋಸೆ ನನಗೆ, ಬಿಲ್ ನಿನಗೆ.

ನಿನ್ನ ಹಳೇ ರೂಮ್‌ಮೇಟ್