ದೊಡ್ಡಪ್ಪನ ಕಿಡ್ನಿ ಮತ್ತು ನನ್ನನ್ನು ಯಾರೂ ಕೇಳದ ಪ್ರಶ್ನೆ

ಮಾರಾಯ,

ಮೊನ್ನೆ ಫೋನಿನಲ್ಲಿ ನೀನು ದೊಡ್ಡಪ್ಪನ ಬಗ್ಗೆ ಕೇಳಿದಾಗ "ಪರವಾಗಿಲ್ಲ" ಅಂದು ನಾನು ಕ್ರಿಕೆಟ್ಟಿಗೆ ಹಾರಿದೆ. ಅದಕ್ಕೇ ಈ ಪತ್ರ. ಎಲ್ಲರೆದುರು ಯಾಕೆ ಬರೀತೀಯ ಅನ್ನಬೇಡ. ನಿನಗೊಬ್ಬನಿಗೇ ಬರೆದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ನಾಲ್ಕು ಜನ ನೋಡ್ತಿದ್ದರೆ ಮರ್ಯಾದೆಗಾದರೂ ಎರಡು ಸಾಲು ಉತ್ತರ ಬರುತ್ತೆ. ಉಳಿದವರು ಹಿಂದಿನ ಬೆಂಚಿನಲ್ಲಿ ಕೂರಲಿ.

ದೊಡ್ಡಪ್ಪನಿಗೆ ಈಗ 78. ಸಕ್ಕರೆ ಕಾಯಿಲೆ ಹಳೇದು, ಹಾರ್ಟಿನ ಪಂಪಿಂಗೂ ಕಮ್ಮಿ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ 5.8ಕ್ಕೆ ಏರಿದೆ. ಕಿಡ್ನಿ ಎಷ್ಟು ಸೋಸ್ತಿದೆ ಅಂತ ಹೇಳುವ ಇಜಿಎಫ್‌ಆರ್ 9ಕ್ಕೆ ಇಳಿದಿದೆ. 15ಕ್ಕಿಂತ ಕೆಳಗೆ ಹೋದರೆ ಕಿಡ್ನಿ ಫೇಲ್ಯೂರ್ ಅಂತಲೇ ಲೆಕ್ಕ. ಎಳನೀರು ಬಂದ್, ಬಾಳೆಹಣ್ಣು ಬಂದ್. ಅವುಗಳಲ್ಲಿರೋ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಕೆಡುತ್ತದಂತೆ. ಅದಕ್ಕೇ ದೊಡ್ಡಮ್ಮ ತರಕಾರಿ ಬೇಯಿಸಿ, ಪೊಟ್ಯಾಸಿಯಂ ಇಳಿದ ಆ ನೀರನ್ನು ಬಚ್ಚಲಿಗೆ ಚೆಲ್ಲುತ್ತಾರೆ. ಚೆಲ್ಲುವಾಗ ಒಂದು ಸಲ ದೊಡ್ಡಪ್ಪನ ಕಡೆ ನೋಡುತ್ತಾರೆ, ಸಾರಿಗಾಗೋ ರುಚಿಯೆಲ್ಲ ಹೋಯ್ತು ಅನ್ನೋ ಹಾಗೆ. ಈ ನಡುವೆ ನೆಂಟರೊಬ್ಬರು ದಿನಾ ಬಾಳೆದಿಂಡಿನ ರಸ ಕುಡಿಸಿ ಅಂತ ಮೆಸೇಜ್ ಕಳಿಸಿದರು. ಕಿಡ್ನಿಯಲ್ಲಿ ಕಲ್ಲಾಗೋದು ಬೇರೆ, ಕಿಡ್ನಿಯೇ ಸೋಲೋದು ಬೇರೆ ಅಂತ ಅವರಿಗೆ ಯಾರು ಹೇಳಬೇಕು? ಬಾಳೆದಿಂಡಿನಲ್ಲೂ ಅದೇ ಪೊಟ್ಯಾಸಿಯಂ.

ಡಾಕ್ಟರು ಅವಸರ ಮಾಡಲಿಲ್ಲ. ಊಟ ಸೇರ್ತಿದೆಯಾ, ಮಲಗಿದರೆ ಉಸಿರು ಕಟ್ಟುತ್ತಾ ಅಂತ ಕೇಳಿದರು. ಬರೀ ನಂಬರ್ ನೋಡಿ ಡಯಾಲಿಸಿಸ್ ಶುರು ಮಾಡಲ್ಲ ಅಂದರು. ಆಮೇಲೆ ಒಂದೊಂದೇ ದಾರಿ ಹೇಳಿದರು.

ಮೊದಲನೆಯದು ಯಂತ್ರದಲ್ಲಿ ರಕ್ತ ಸೋಸುವ ಡಯಾಲಿಸಿಸ್, ವಾರಕ್ಕೆ 3 ದಿನ, ದಿನಕ್ಕೆ 4 ಗಂಟೆ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಕೇಂದ್ರದ ಯೋಜನೆ ಬಂದದ್ದು 2016ರಲ್ಲಿ, ಬಿಪಿಎಲ್ ಕಾರ್ಡಿದ್ದರೆ ದುಡ್ಡಿಲ್ಲ. ಆದರೆ ಮೊದಲು ಕೈಯಲ್ಲಿ ಫಿಸ್ಟುಲಾ ಮಾಡಬೇಕು. ಅಂದರೆ ಶುದ್ಧ ರಕ್ತದ ನಾಳವನ್ನು ಅಶುದ್ಧ ರಕ್ತದ ನಾಳಕ್ಕೆ ಜೋಡಿಸೋದು. ಅದು ಬಲಿಯೋಕೆ ಒಂದೂವರೆ ತಿಂಗಳಾದರೂ ಬೇಕು, ಸೋತ ಹೃದಯಕ್ಕೆ ಅದೊಂದು ಹೆಚ್ಚಿನ ಹೊರೆ. ಮನೆಗೆ ಬಂದ ಮೇಲೆ ಆ ದಿನವೆಲ್ಲ ಸುಸ್ತು.

ಇನ್ನೊಂದು ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಗೆ ಹಾಕಿದ ಕೊಳವೆಯಲ್ಲಿ 2 ಲೀಟರಿನ ದ್ರವ ಬಿಡೋದು, ಕೆಲವು ಗಂಟೆ ಬಿಟ್ಟು ಹೊರಗೆ ತೆಗೆಯೋದು. ದಿನಕ್ಕೆ 3-4 ಸಲ, ಮನೆಯಲ್ಲೇ. ಹೃದಯಕ್ಕೆ ಇದು ಹಗುರ. ಆದರೆ ಕೈ, ಕೋಣೆ ಚೊಕ್ಕಟವಾಗಿರಬೇಕು, ಸೋಂಕು ಒಳಗೆ ಹೋದರೆ ಕಷ್ಟ. ಅಷ್ಟು ಹೊತ್ತೂ ಸುಮ್ಮನಿದ್ದ ದೊಡ್ಡಮ್ಮ, "ಮಡಿಯಲ್ಲಿ ಮಾಡ್ಬೇಕಾ?" ಅಂದರು. "ಮಡಿಗಿಂತ ಜಾಸ್ತಿ" ಅಂದರು ಡಾಕ್ಟರು. "ಹಂಗಾದ್ರೆ ನಂಗೆ ಬರತ್ತೆ."

ಮೂರನೆಯದನ್ನು ಹೇಳುವಾಗ ಡಾಕ್ಟರು ನನ್ನನ್ನು ನೋಡಲಿಲ್ಲ, ದೊಡ್ಡಪ್ಪನನ್ನೇ ನೋಡಿದರು. ಡಯಾಲಿಸಿಸ್ ಬೇಡ ಅನ್ನಬಹುದು. ಕಾಲಿನ ಊತಕ್ಕೆ, ತುರಿಕೆಗೆ, ವಾಕರಿಕೆಗೆ ಔಷಧಿ, ರಕ್ತ ಕಡಿಮೆಯಾದರೆ ಇಂಜೆಕ್ಷನ್. ಕೈಬಿಟ್ಟಂತಲ್ಲ, ನೋಡಿಕೊಳ್ಳೋದು ನಿಲ್ಲಲ್ಲ ಅಂದರು.

ನಾನು ಎಗರಿ ಬಿದ್ದೆ. ಡಯಾಲಿಸಿಸ್‌ನಿಂದ ಮೊದಲು ಬದುಕಿದವರು ಯಾರು ಗೊತ್ತಾ ಅಂತ ಶುರು ಮಾಡಿದೆ. 1945ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೋಲ್ಫ್ ಅನ್ನೋ ಡಾಕ್ಟರು ಉಳಿಸಿದ್ದು 67 ವರ್ಷದ ಹೆಂಗಸನ್ನು. ಆ ಯಂತ್ರದಲ್ಲಿ ರಕ್ತ ಸೋಸಿದ್ದು ಮಾಂಸದ ಸಾಸೇಜ್ ಸುತ್ತುವ ಸೆಲ್ಲೋಫೇನ್ ಕೊಳವೆ. ಆ ಭಾಗ ದೊಡ್ಡಮ್ಮನ ಮುಂದೆ ನುಂಗಿಕೊಂಡೆ.

ಅದಕ್ಕೆ ಡಾಕ್ಟರು, ಆಕೆಯ ಕಿಡ್ನಿ ತಾನೇ ಚೇತರಿಸಿಕೊಂಡಿತು, ಇದು ಹಾಗಲ್ಲ ಅಂದರು. 2009ರ ಅಮೆರಿಕದ ಅಧ್ಯಯನವೊಂದನ್ನೂ ಹೇಳಿದರು. ಅಲ್ಲಿ ವೃದ್ಧರನ್ನಿಟ್ಟು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ಗಳಲ್ಲಿದ್ದ ವಯಸ್ಸಾದವರು ಡಯಾಲಿಸಿಸ್ ಶುರು ಮಾಡಿದ ಒಂದು ವರ್ಷದೊಳಗೆ ನೂರಕ್ಕೆ 58 ಜನ ತೀರಿಕೊಂಡಿದ್ದರು. ಮೊದಲಿನಷ್ಟೇ ಓಡಾಡಿಕೊಂಡಿದ್ದವರು 13 ಜನ. ದೊಡ್ಡಪ್ಪ ಅವರ ಹಾಗೆ ಹಾಸಿಗೆ ಹಿಡಿದವರಲ್ಲ, ಬೆಳಗ್ಗೆ ತೋಟ ಸುತ್ತಿ ಬರ್ತಾರೆ, ಆ ಲೆಕ್ಕ ಇವರಿಗೆ ಹಾಗೇ ಕೂರಲ್ಲ. ಆದರೂ ನನ್ನ ಬಾಯಿ ಮುಚ್ಚಿತು.

ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಇದ್ರಲ್ಲಿ ಯಾವ್ದು ಮಾಡಿದ್ರೆ ತೋಟಕ್ಕೆ ಹೋಗ್ಬೌದು?"

ಇಲ್ಲಿಗೇ ಮುಗಿಸೋಣ ಅಂತಿದ್ದೆ. ಆದರೆ ನಿನಗೆ ಹೇಳದಿದ್ದರೆ ಇನ್ಯಾರಿಗೆ ಹೇಳಲಿ (ಹಿಂದಿನ ಬೆಂಚು, ಕಿವಿ ಮುಚ್ಚಿಕೊಳ್ಳಿ). ಕಿಡ್ನಿ ಕಸಿಯ ಮಾತನ್ನು ಅಲ್ಲಿ ಯಾರೂ ಜಾಸ್ತಿ ಎತ್ತಲಿಲ್ಲ. ತೀರಿಕೊಂಡ ದಾನಿಗಳ ಕಿಡ್ನಿಗೆ ಹೆಸರು ಬರೆಸಲು 65ರ ಮಿತಿ ಇತ್ತು, 2023ರಲ್ಲಿ ಕೇಂದ್ರ ಅದನ್ನು ತೆಗೆದುಹಾಕಿದೆ. ಆದರೆ ಈ ಹಾರ್ಟು ಇಟ್ಟುಕೊಂಡು ಆಪರೇಷನ್ ಬೇಡ ಅಂದರು ಡಾಕ್ಟರು. ಅದು ಗೊತ್ತಾಗೋದಕ್ಕೆ ಮೊದಲೇ, ಹಿಂದಿನ ರಾತ್ರಿ, ನಾನು ಮೊಬೈಲಿನಲ್ಲಿ 1994ರ ಅಂಗಾಂಗ ಕಸಿ ಕಾಯ್ದೆ ಓದಿದ್ದೆ. ಹತ್ತಿರದ ಸಂಬಂಧಿ ಅಂದರೆ ಯಾರು ಅಂತ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ತಮ್ಮನ ಮಗ ಇಲ್ಲ. ಅವನು ಕೊಡಬೇಕಂದರೆ ಪ್ರೀತಿಯಿಂದಲೇ ಕೊಡ್ತಿದ್ದೇನೆ ಅಂತ ಸಮಿತಿಯೊಂದನ್ನು ಒಪ್ಪಿಸಬೇಕು.

ಓದಿ ಮುಗಿಸಿದಾಗ ನನಗೆ ಎಷ್ಟು ನಿರಾಳವಾಯಿತು ಗೊತ್ತಾ?

ಕಿಡ್ನಿ ಕೊಡ್ತೀಯಾ ಅಂತ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುತ್ತಲೂ ಇರಲಿಲ್ಲ. ಆದರೂ ನನ್ನ ಹತ್ತಿರ ಉತ್ತರ ರೆಡಿಯಾಗಿತ್ತು, ಕಾಯ್ದೆಯ ಹೆಸರಿನ ಸಮೇತ. ಅಪ್ಪ ಹೋದ ಮೇಲೆ ಮರದ ಮೇಲಿನ ಅಡಿಕೆಯನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ನನ್ನ ಫೀಸು ಕಟ್ಟಿದ ಮನುಷ್ಯ ಅವರು. ಮಕ್ಕಳಿಲ್ಲದವರು. ಡಯಾಲಿಸಿಸ್ ಆಗಲೇಬೇಕು ಅಂತ ನಾನು ಅಷ್ಟು ಜೋರಾಗಿ ಕೂಗಿದ್ದಕ್ಕೂ ಇದಕ್ಕೂ ಏನೋ ಸಂಬಂಧ ಇದೆ ಅನ್ನಿಸ್ತಿದೆ. ಸೂಜಿ ಚುಚ್ಚಿಸಿಕೊಳ್ಳೋದು ಅವರು, "ನಮ್ಮ ಕೈಲಾದ್ದೆಲ್ಲ ಮಾಡಿಸಿದ್ವಿ" ಅಂತ ಊರಲ್ಲಿ ಹೇಳಿಕೊಳ್ಳೋದು ನಾನು.

ಸರಿ, ಸಾಕು. ನಿನ್ನ ಮುಖ ನನಗೆ ಕಾಣಿಸ್ತಿದೆ, ಹಾಗೆ ಮುಖ ಮಾಡಬೇಡ. ನನ್ನ ಕಿಡ್ನಿಯ ಬಗ್ಗೆ ಇಷ್ಟೊಂದು ಯೋಚಿಸೋಕೆ ಅದೇನು ಅಂಥ ಒಳ್ಳೆಯ ಮಾಲೂ ಅಲ್ಲ. ನಮ್ಮ ಹಾಸ್ಟೆಲಿನ ಸಾಂಬಾರು ಸೋಸಿ ಸೋಸಿ ಅರ್ಧ ಆಯಸ್ಸು ಅಲ್ಲೇ ಮುಗಿಸಿದೆ.

ದೊಡ್ಡಪ್ಪ ಸದ್ಯಕ್ಕೆ ಔಷಧಿ ಸಾಕು ಅಂದಿದ್ದಾರೆ. ಉಸಿರಾಟ ಕಷ್ಟವಾದರೆ ಹೊಟ್ಟೆಯದನ್ನು ಮೂರು ತಿಂಗಳು ಮಾಡಿ ನೋಡೋದು, ಆಗದಿದ್ದರೆ ನಿಲ್ಲಿಸೋದು. "ನಿಲ್ಸುವಾಗ ಇವನನ್ನ ಕೇಳ್ಬೇಡಿ" ಅಂತ ನನ್ನ ಕಡೆ ಕೈ ತೋರಿಸಿ ಡಾಕ್ಟರಿಗೆ ಹೇಳಿದರು. ದೊಡ್ಡಮ್ಮ ಆಗಲೇ ಮೂಲೆ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಬೇಕಾಗುತ್ತೋ ಇಲ್ಲವೋ, ಕೋಣೆಯಂತೂ ರೆಡಿ.

ನೀನು ಒಮ್ಮೆ ಅವರಿಗೆ ಫೋನ್ ಮಾಡು. ಅಡಿಕೆ ರೇಟಿನ ಬಗ್ಗೆ ಮಾತಾಡು, ಕಿಡ್ನಿ ಎತ್ತಬೇಡ. ಈ ಪತ್ರ ನಮ್ಮ ಮನೆಯವರ ಕಣ್ಣಿಗೆ ಬಿದ್ದರೆ ಇದೊಂದು ಕಥೆ ಅಂತ ಹೇಳಿಬಿಡು. ನನ್ನ ಕಥೆ ಅಂದರೆ ಅವರು ಯಾರೂ ಎರಡನೇ ಸಾಲಿಗೆ ಹೋಗಲ್ಲ.

ನಿನ್ನ,
ಅರ್ಧ ಟಿಕೆಟ್