ರಜೆಯ ವಾರ ಕೊಳ್ಳುವ ಮೊದಲು ಅದನ್ನು ಮಾರುವ ದಾರಿ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಪುಣೆಯ ಓದುಗರೊಬ್ಬರು ಟೈಮ್‌ಶೇರ್ ಕಂಪನಿಗಳ ಮೇಲೆ, ಅಂದರೆ ವರ್ಷಕ್ಕೆ ಕೆಲವು ದಿನ ರೆಸಾರ್ಟಿನಲ್ಲಿ ಉಳಿಯುವ ಹಕ್ಕನ್ನು ಹಲವು ವರ್ಷಕ್ಕೆ ಒಟ್ಟಿಗೆ ಮಾರುವವರ ಮೇಲೆ, ಹರಿಹಾಯ್ದಿದ್ದರು. ರೆಸಾರ್ಟ್ ಮೆಂಬರ್‌ಶಿಪ್ ಎಂದರೆ ಹಗಲು ದರೋಡೆ, ಯಾರೂ ಆ ಕಡೆ ತಲೆ ಹಾಕಬೇಡಿ ಎಂಬುದು ಅವರ ಮಾತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದು ವಿಷಯ ಅವರು ಕೈಬಿಟ್ಟಿದ್ದಾರೆ. ಕಂಪನಿ ಲಕ್ಷಗಟ್ಟಲೆಗೆ ಮಾರುವ ಮೆಂಬರ್‌ಶಿಪ್ಪೇ ಹಳೇ ಸದಸ್ಯರ ಕೈಯಿಂದ ಅದರ ಕಾಲುಭಾಗಕ್ಕೂ ಸಿಗುತ್ತದೆ. ಹಾಗಿದ್ದರೂ ನಮ್ಮ ಜನ ಹೋಗಿ ಬೀಳುವುದು ಕಂಪನಿಯವರು ಮಾರಾಟಕ್ಕೆಂದು ಹಾಲ್‌ನಲ್ಲಿ ಹಾಕಿದ ಟೇಬಲ್ಲಿಗೇ. ಯಾಕೆ ಹೀಗೆ ಅಂತ ಬರೆಯಬೇಕು ಅನಿಸಿತು.

ನಾನು ಡೊಂಬಿವಲಿ ಪೂರ್ವದಲ್ಲಿ ಒಂದು ಸಣ್ಣ ಬುಕಿಂಗ್ ಆಫೀಸು ನಡೆಸುತ್ತೇನೆ. ಊರಿಗೆ ಹೋಗುವ ಬಸ್ಸು, ಮತ್ಸ್ಯಗಂಧ ರೈಲು, ಗೋವಾ, ಮಹಾಬಳೇಶ್ವರದ ರೂಮು, ಇದೇ ನನ್ನ ಹೊಟ್ಟೆಪಾಡು. ರೂಮು ಬುಕ್ ಮಾಡಿ ಕಮಿಷನ್ ತೆಗೆದುಕೊಳ್ಳುವವಳು ನಾನು, ಅದನ್ನೂ ಲೆಕ್ಕಕ್ಕಿಟ್ಟುಕೊಂಡೇ ಮುಂದೆ ಓದಿ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಮೆಂಬರ್‌ಶಿಪ್ ಇರುವವರೇ ನನ್ನ ಕೌಂಟರಿಗೆ ಬಂದು, "ಅಕ್ಕಾ, ಮೇ ತಿಂಗಳಿಗೆ ಎಲ್ಲಾದರೂ ಒಂದು ರೂಮು ನೋಡಿ" ಅನ್ನುತ್ತಾರೆ. ಮೆಂಬರ್‌ಶಿಪ್ ಏನಾಯಿತು ಅಂತ ಕೇಳಿದರೆ, ಅವರು ಕೊಂಡ ಸೀಸನ್ ಬೇರೆ, ಇಲ್ಲವೇ ಎಲ್ಲಾ ಫುಲ್. ಮಕ್ಕಳಿಗೆ ರಜೆ ಸಿಗುವುದು ಮೇಯಲ್ಲಿ, ಇವರ ಕೈಯಲ್ಲಿರುವುದು ಮಳೆಗಾಲದ ವಾರ.

ಮೊದಲು ಹಾಲ್‌ನ ವಿಷಯ ಹೇಳುತ್ತೇನೆ. ಮಾಲ್‌ನಲ್ಲೋ ಪೆಟ್ರೋಲ್ ಪಂಪಿನಲ್ಲೋ ಕೂಪನ್ ತುಂಬಿಸುತ್ತಾರೆ. ಎರಡು ದಿನ ಬಿಟ್ಟು ಫೋನು, ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಬಂದಿದೆ, ಗಿಫ್ಟ್ ತೆಗೆದುಕೊಂಡು ಹೋಗಿ, ಗಂಡ ಹೆಂಡತಿ ಇಬ್ಬರೂ ಬರಬೇಕು ಅಂತ. ಗೋವಾದಲ್ಲಾದರೆ ಕಲಂಗುಟ್, ಬಾಗಾ ಕಡೆ ರಸ್ತೆಯಲ್ಲೇ ನಿಲ್ಲಿಸಿ ಸ್ಕ್ರ್ಯಾಚ್ ಕಾರ್ಡು ಕೈಗೆ ಕೊಡುತ್ತಾರೆ. ಕೆರೆದವರಿಗೆಲ್ಲ ಬಹುಮಾನ! ಇಬ್ಬರೂ ಬರಬೇಕು ಅನ್ನುವುದು ಸುಮ್ನೆ ಅಲ್ಲ. ಒಬ್ಬರೇ ಹೋದರೆ, ಮನೆಯಲ್ಲಿ ಕೇಳಿ ಹೇಳ್ತೀನಿ ಅಂತ ಎದ್ದು ಬರಬಹುದಲ್ವಾ? ಆ ದಾರಿ ಮೊದಲೇ ಮುಚ್ಚುತ್ತಾರೆ. ಆಮೇಲೆ ಹಾಲ್‌ನಲ್ಲಿ ಕೂರಿಸಿ ಮೆಂಬರ್‌ಶಿಪ್ಪಿಗೆ ಐದು ಲಕ್ಷ ಅಂತ ಶುರುವಾದದ್ದು, ಮ್ಯಾನೇಜರ್ ಬಂದು ಹೋದ ಹಾಗೆ ಮೂರೂವರೆಗೆ ಇಳಿಯುತ್ತದೆ. "ಈ ರೇಟು ಇವತ್ತಿಗೆ ಮಾತ್ರ." ಒಂದು ಗಂಟೆಯಲ್ಲಿ ಒಂದೂವರೆ ಲಕ್ಷ ಇಳಿಯುವ ವಸ್ತುವಿನ ನಿಜವಾದ ಬೆಲೆ ಎಷ್ಟು ಅಂತ ಅಲ್ಲಿ ಯಾರಿಗೂ ಕೇಳಲು ತೋಚುವುದಿಲ್ಲ.

ಮಾಲ್‌ನಲ್ಲಿ ಸ್ಟಾಲ್ ಹಾಕಿದ ಬಾಡಿಗೆ, ಕೂಪನ್ ಹಂಚಿದ ಹುಡುಗರ ಸಂಬಳ, ಫೋನು ಮಾಡಿದವರ ಸಂಬಳ, ಹಾಲ್, ಚಹಾ, ಗಿಫ್ಟು, ಮಾರಿದವರ ಕಮಿಷನ್, ಎಲ್ಲಾ ನಿಮ್ಮ ಆ ರೇಟಿನೊಳಗೇ ಇದೆ. ಹಳೇ ಸದಸ್ಯರಿಂದ ಕೊಂಡರೆ ಇದ್ಯಾವುದಕ್ಕೂ ನೀವು ದುಡ್ಡು ಕೊಡಬೇಕಾಗಿಲ್ಲ. ಎರಡರ ನಡುವಿನ ಅಂತರ ಹುಟ್ಟುವುದು ಜಾಸ್ತಿ ಇಲ್ಲೇ.

ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾಗದದಲ್ಲಿರುವುದನ್ನು ಹಾಕಿಕೊಳ್ಳಿ. ಕಂಪನಿಯಿಂದ 4 ಲಕ್ಷಕ್ಕೆ 25 ವರ್ಷದ ಮೆಂಬರ್‌ಶಿಪ್, ವರ್ಷಕ್ಕೆ 7 ರಾತ್ರಿ ಅಂದುಕೊಳ್ಳಿ. ಆ 4 ಲಕ್ಷ ಬ್ಯಾಂಕಿನಲ್ಲಿದ್ದಿದ್ದರೆ ಶೇ 7ರಂತೆ ವರ್ಷಕ್ಕೆ 28,000 ಬಡ್ಡಿ ಬರುತ್ತಿತ್ತು. ರೆಸಾರ್ಟ್ ನೋಡಿಕೊಳ್ಳಲು ಸದಸ್ಯರು ಕಟ್ಟುವ ವಾರ್ಷಿಕ ಮೇಂಟೆನೆನ್ಸ್ 20,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 23,600. ಎರಡೂ ಕೂಡಿ 51,600. ಏಳು ರಾತ್ರಿಗೆ ಭಾಗಿಸಿದರೆ ರಾತ್ರಿಗೆ 7,370 ರೂಪಾಯಿ ಬೀಳುತ್ತದೆ. ಊಟ, ಓಡಾಟ ಬೇರೆ. 25 ವರ್ಷ ಮುಗಿದ ಮೇಲೆ ಆ 4 ಲಕ್ಷವೂ ವಾಪಸ್ ಬರುವುದಿಲ್ಲ. ಇಎಂಐ ಮೇಲೆ ಕೊಂಡಿದ್ದರೆ ಸಾಲದ ಬಡ್ಡಿ ಇನ್ನೂ ಮೇಲೆ.

ಅದನ್ನೇ 15 ವರ್ಷ ಬಾಕಿ ಇರುವಾಗ ಹಳೇ ಸದಸ್ಯರಿಂದ 1 ಲಕ್ಷಕ್ಕೆ ಕೊಂಡು, ಹೆಸರು ಬದಲಿಸಲು ಕಂಪನಿಗೆ ಟ್ರಾನ್ಸ್‌ಫರ್ ಫೀ ಅಂತ 20,000 ಕೊಟ್ಟರೆ, ಬಡ್ಡಿ 8,400, ಮೇಂಟೆನೆನ್ಸ್ ಅಷ್ಟೇ 23,600, ಒಟ್ಟು 32,000. ರಾತ್ರಿಗೆ 4,570. ವ್ಯತ್ಯಾಸ ದೊಡ್ಡದೇ. ಆದರೆ ಇನ್ನೊಂದು ನೋಡಿ. ಯಾರಾದರೂ ಪುಕ್ಕಟೆ ಕೊಟ್ಟರೂ ಮೇಂಟೆನೆನ್ಸ್ ಒಂದಕ್ಕೇ ರಾತ್ರಿಗೆ 3,370 ಆಗುತ್ತದೆ, ಹೋದರೂ ಹೋಗದಿದ್ದರೂ ಕಟ್ಟಲೇಬೇಕು, ವರ್ಷ ವರ್ಷ ಏರುತ್ತದೆ. ಮಳೆಗಾಲದಲ್ಲಿ ವಾರದ ನಡುವೆ ಆ ದುಡ್ಡಿಗೆ ನಾನು ಒಳ್ಳೆಯ ರೂಮನ್ನೇ ಕೊಡಿಸುತ್ತೇನೆ. ಹೋಟೆಲ್ ರೂಮಿಗೆ ರಾತ್ರಿಗೆ 7,500 ರೂಪಾಯಿವರೆಗೆ ಈಗ ಜಿಎಸ್‌ಟಿ ಶೇ 5 ಮಾತ್ರ. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಆಫ್ ಸೀಸನ್ ವಾರವನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ಲಾಭವಿಲ್ಲ. ಕೈ ಬದಲಾದರೆ ಸೀಸನ್ ಬದಲಾಗುವುದಿಲ್ಲ. ಮಕ್ಕಳಿರುವ ಮನೆಯವರು ರಜೆಯ ಸೀಸನ್ನಿನದೇ, ಎರಡು ಬೆಡ್‌ರೂಮಿನದು ಸಿಕ್ಕಿದರೆ ಯೋಚಿಸಬಹುದು. ನಿವೃತ್ತರಿಗೆ ಯಾವ ತಿಂಗಳಾದರೂ ನಡೆಯುತ್ತದೆ, ಅವರಿಗೆ ಅಗ್ಗದ್ದೇ ಸರಿ.

ಕಂಪನಿಯಿಂದ ನೇರ ಕೊಳ್ಳುವುದರಲ್ಲಿ ಏನೂ ಲಾಭ ಇಲ್ಲ ಅಂತಲ್ಲ. ಪೂರ್ತಿ ಅವಧಿ ಸಿಗುತ್ತದೆ. ಸಹಿ ಹಾಕಿದ ಮೇಲೂ ಕೆಲವು ದಿನದೊಳಗೆ ಬೇಡ ಅಂದರೆ ದುಡ್ಡು ವಾಪಸ್ ಕೊಡುವ ನಿಯಮ ಕೆಲವು ಕಂಪನಿಗಳಲ್ಲಿದೆ. ಅಮೆರಿಕದ ಫ್ಲಾರಿಡಾದಲ್ಲಿ ಇದಕ್ಕೆ ಕಾನೂನೇ 10 ದಿನ ಕೊಟ್ಟಿದೆ, ಯುರೋಪಿನಲ್ಲಿ 14 ದಿನ. ನಮ್ಮಲ್ಲಿ ಅದು ಒಪ್ಪಂದದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 1974ರಲ್ಲಿ ಅಮೆರಿಕದಲ್ಲಿ ಶುರುವಾದ, ಸದಸ್ಯರ ವಾರಗಳನ್ನು ಅದಲುಬದಲು ಮಾಡಿಸುವ ಆರ್‌ಸಿಐ ಎಂಬ ಸಂಸ್ಥೆಯ ಮೂಲಕ ನಿಮ್ಮ ವಾರ ಕೊಟ್ಟು ಬೇರೆ ದೇಶದ ರೆಸಾರ್ಟಿನಲ್ಲಿ ಉಳಿಯುವ ಅವಕಾಶವನ್ನೂ ಹೊಸ ಸದಸ್ಯರಿಗೆ ಹಲವರು ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅದು ಜೊತೆಗೆ ಬರುತ್ತದೆ ಅಂತ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ.

ಇನ್ನು ಮಾರುವವರ ಕಷ್ಟ. ನಮ್ಮ ದೇಶದಲ್ಲಿ ಈ ಧಂದೆ ಹೊಸದೇನಲ್ಲ. ಸ್ಟರ್ಲಿಂಗ್ ಕಂಪನಿ 1986ರಲ್ಲಿ, ಮಹೀಂದ್ರ ಹಾಲಿಡೇಸ್ 1996ರಲ್ಲಿ ಶುರುವಾದವು. ಆ ಕಾಲದಲ್ಲಿ ನಲವತ್ತರ ಪ್ರಾಯದಲ್ಲಿ ಕೊಂಡವರಿಗೆ ಈಗ ಎಪ್ಪತ್ತು, ಎಂಬತ್ತರ ಹತ್ತಿರ. ಮಂಡಿ ನೋವು, ಮಕ್ಕಳು ವಿದೇಶದಲ್ಲಿ, ಘಾಟಿ ಹತ್ತುವ ಉತ್ಸಾಹ ಇಲ್ಲ. ವರ್ಷ ವರ್ಷ ಮೇಂಟೆನೆನ್ಸ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಇಂಥವರನ್ನೇ ಹುಡುಕಿ ಫೋನು ಮಾಡುವವರಿದ್ದಾರೆ.

ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಧಾರವಾಡ ಕಡೆಯ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಒಂದು ದಿನ ನನ್ನ ಆಫೀಸಿಗೆ ಬಂದು, "ತಂಗೀ, ಈ ಅಕೌಂಟಿಗೆ ಹದಿನೆಂಟು ಸಾವಿರ ಹಾಕಿ ಕೊಡವ್ವಾ, ನನಗ ಮೊಬೈಲಿನ್ಯಾಗ ಬರಂಗಿಲ್ಲ" ಅಂದರು. ಏನು ಅಂತ ಕೇಳಿದೆ. ಅವರ ಮೆಂಬರ್‌ಶಿಪ್ಪಿಗೆ ಆರು ಲಕ್ಷ ಕೊಡುವ ಗಿರಾಕಿ ದಿಲ್ಲಿಯಲ್ಲಿದ್ದಾನಂತೆ, ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರದ ಖರ್ಚು ಮಾತ್ರ ಮೊದಲು ಕಟ್ಟಬೇಕಂತೆ. ಅವರು ಕೊಂಡದ್ದು ಎರಡು ಲಕ್ಷ ಚಿಲ್ಲರೆಗೆ, ಅರ್ಧಕ್ಕಿಂತ ಜಾಸ್ತಿ ವರ್ಷ ಮುಗಿದಿತ್ತು. "ಮಾಸ್ತರೇ, ಎರಡಕ್ಕೆ ಕೊಂಡು ಬಳಸಿದ್ದನ್ನು ಆರಕ್ಕೆ ಯಾರು ಕೊಳ್ಳುತ್ತಾರೆ ಹೇಳಿ. ಖರ್ಚು ಅಷ್ಟಿದ್ದರೆ ಆರು ಲಕ್ಷದಲ್ಲಿ ಹಿಡಿದುಕೊಂಡು ಉಳಿದದ್ದು ಕೊಡಿ ಅನ್ನಿ" ಅಂದೆ. ಅವರು ನನ್ನೆದುರೇ ಫೋನು ಮಾಡಿ ಹಾಗೇ ಹೇಳಿದರು. ಆ ಕಡೆಯವನು ಫೋನು ಇಟ್ಟುಬಿಟ್ಟ. ಇಂಥ ಫೋನಿಗೆ ಈಗಾಗಲೇ ದುಡ್ಡು ಹಾಕಿದವರು ತಡ ಮಾಡದೆ 1930ಕ್ಕೆ ದೂರು ಕೊಡಿ, ಸೈಬರ್ ವಂಚನೆಗೆಂದೇ ಇರುವ ನಂಬರ್ ಅದು.

ಮಾಸ್ತರರ ಮೆಂಬರ್‌ಶಿಪ್ ಕೊನೆಗೆ ಕಲ್ಯಾಣದ ನನ್ನ ಗಿರಾಕಿಯೊಬ್ಬರಿಗೆ ಹೋಯಿತು. ರೇಟು ಕೂತು ಮಾತಾಡಿದ್ದು ಅರ್ಧ ಗಂಟೆ, ಕಂಪನಿಯಲ್ಲಿ ಹೆಸರು ಬದಲಾಗಲು ತಿಂಗಳುಗಟ್ಟಲೆ ಹಿಡಿಯಿತು. ಟ್ರಾನ್ಸ್‌ಫರ್ ಫೀ ಎಷ್ಟು ಅಂತ ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಬರೆದು ಕೊಡಿ ಅಂತ ಇಮೇಲ್ ಹಾಕಿದ ಮೇಲೆ ಉತ್ತರ ಬಂತು. ಬಾಕಿ ಮೇಂಟೆನೆನ್ಸ್ ಎಷ್ಟಿದೆ, ಬಳಸದ ದಿನಗಳು ಹೊಸಬರಿಗೆ ಸಿಗುತ್ತವೆಯೇ, ಇನ್ನೂ ಎಷ್ಟು ವರ್ಷ ಉಳಿದಿದೆ, ಇದನ್ನೆಲ್ಲ ಕಂಪನಿಯ ಕಾಗದದಲ್ಲೇ ಬರಿಸಿಕೊಂಡೆವು. ಹೆಸರು ಬದಲಾದ ಪತ್ರ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ, ಕೊಡುವುದನ್ನೂ ಚೆಕ್‌ನಲ್ಲೇ ಕೊಡಿ ಅಂತ ಗಿರಾಕಿಗೆ ಹೇಳಿದ್ದೆ. ಸದಸ್ಯರ ಕಾರ್ಡು ಕೊಟ್ಟು, ನನ್ನ ಹೆಸರಲ್ಲೇ ಹೋಗಿ ಬನ್ನಿ ಅನ್ನುವವರಿಂದ ಏನನ್ನೂ ಕೊಳ್ಳಬೇಡಿ. ಕಂಪನಿಯ ರಿಜಿಸ್ಟರಿನಲ್ಲಿ ಹೆಸರು ಬರದೆ ನಿಮಗೆ ಹಕ್ಕಿಲ್ಲ. ನಮ್ಮಲ್ಲಿ ಮೆಂಬರ್‌ಶಿಪ್ ಅಂದರೆ ಬಳಸುವ ಹಕ್ಕು ಅಷ್ಟೇ, ರೆಸಾರ್ಟಿನ ಒಂದು ಇಟ್ಟಿಗೆಯೂ ನಿಮ್ಮದಲ್ಲ. ಅಮೆರಿಕದಲ್ಲಿ ಆಸ್ತಿಯ ಹಾಗೆ ರಿಜಿಸ್ಟರ್ ಆಗುವ ಟೈಮ್‌ಶೇರ್‌ಗಳಿವೆ, ಅಲ್ಲೂ ಮೇಂಟೆನೆನ್ಸ್ ಭಾರ ತಾಳದೆ ಒಂದು ಡಾಲರಿಗೆ ಇ-ಬೇ ಎಂಬ ಜಾಲತಾಣದಲ್ಲಿ ಮಾರಲು ಇಡುವವರಿದ್ದಾರೆ.

ಟೈಮ್‌ಶೇರನ್ನು ಹೂಡಿಕೆ ಅಂತ ಮಾರುವವರ ವಿಷಯ ಬೇರೆ. ಮುಂಬೈಯವರು ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿಯ ಹೆಸರು ಮರೆತಿಲ್ಲ. ರೂಮಿನ ರಾತ್ರಿಗಳ ಹೆಸರಿನಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನರಿಂದ ಎತ್ತಿದ ಸುಮಾರು 7,000 ಕೋಟಿ ರೂಪಾಯಿ ವಾಪಸ್ ಕೊಡಿ ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ 2016ರಲ್ಲಿ ಆದೇಶ ಮಾಡಿತ್ತು. ರಾತ್ರಿ ಬಳಸದಿದ್ದರೆ ದುಡ್ಡು ಬೆಳೆದು ಬರುತ್ತದೆ ಅಂತ ಯಾರೇ ಹೇಳಿದರೂ ಅಲ್ಲಿಂದ ಎದ್ದು ಬನ್ನಿ.

ಈಗ ನನ್ನ ಬೇಡಿಕೆ. ನಮ್ಮ ಮಹಾರಾಷ್ಟ್ರದಲ್ಲಿ ಹೌಸಿಂಗ್ ಸೊಸೈಟಿಯ ಫ್ಲ್ಯಾಟ್ ಮಾರಿದರೆ ಸೊಸೈಟಿ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂಗೆ ಸರ್ಕಾರ ಮಿತಿ ಹಾಕಿದೆ. ಜಾಸ್ತಿ ಅಂದರೆ 25,000 ರೂಪಾಯಿ. ಕೋಟಿ ಬೆಲೆಯ ಫ್ಲ್ಯಾಟಿಗೂ ಅಷ್ಟೇ. ಲಕ್ಷದ ಮೆಂಬರ್‌ಶಿಪ್ಪಿಗೆ ಅಂಥ ಮಿತಿ ಯಾಕಿಲ್ಲ? ಕಂಪನಿ ಫೀ ಏರಿಸಿದರೆ, ತಿಂಗಳುಗಟ್ಟಲೆ ಕಾಯಿಸಿದರೆ, ಹಳೇ ಸದಸ್ಯರ ಜೊತೆ ವ್ಯವಹಾರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಆಗ ಕೊಳ್ಳುವವರಿಗೆ ಉಳಿಯುವುದು ಹಾಲ್ ಒಂದೇ, ಮಾರುವವರಿಗೆ ಉಳಿಯುವುದು ದಿಲ್ಲಿಯ ಫೋನು ಒಂದೇ. ಪುಣೆಯ ಓದುಗರು ಹೇಳುವ ದರೋಡೆಗೆ ಬಾಗಿಲು ತೆರೆಯುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಟ್ರಾನ್ಸ್‌ಫರ್ ಫೀಗೆ ಒಂದು ಮಿತಿ, ಹೆಸರು ಬದಲಾವಣೆಗೆ ಒಂದು ಗಡುವು ಹಾಕಲಿ. ಮೇಂಟೆನೆನ್ಸ್ ವರ್ಷಕ್ಕೆ ಎಷ್ಟು ಏರಿಸಬಹುದು ಎಂಬುದನ್ನು ಒಪ್ಪಂದದ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಹೇಳಲಿ.

ಅಲ್ಲಿಯವರೆಗೆ ಮೋಸ ಹೋದವರು ಸುಮ್ಮನೆ ಕೂರಬೇಕಾಗಿಲ್ಲ. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಕಂಪನಿಯ ಆಫೀಸು ಚೆನ್ನೈಯಲ್ಲಿರಲಿ, ಹೈದರಾಬಾದಿನಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಡೊಂಬಿವಲಿಯವರಿಗೆ ಠಾಣೆ ಜಿಲ್ಲೆಯದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಫೀ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅದನ್ನು ಮಾತ್ರ ಮರೆಯಬೇಡಿ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಈ ದೀಪಾವಳಿ ಹೊತ್ತಿಗೆ ಮಾಲ್‌ಗಳಲ್ಲಿ ಮತ್ತೆ ಕೂಪನ್ ಡಬ್ಬ ಇಡುತ್ತಾರೆ. ನಿಮ್ಮ ವರದಿಗಾರರೊಬ್ಬರು ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಅಂಥ ಒಂದು ಹಾಲ್‌ಗೆ ಹೋಗಲಿ. "ನಾಳೆ ನಾನು ಇದನ್ನು ಮಾರಬೇಕೆಂದರೆ ಫೀ ಎಷ್ಟು, ಎಷ್ಟು ದಿನ ಹಿಡಿಯುತ್ತದೆ?" ಅಂತ ಕೇಳಲಿ. ಅವರು ಕೊಡುವ ಉತ್ತರವನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿ.

ಇತಿ,
ನಿಮ್ಮ ಓದುಗರೊಬ್ಬರು
ಡೊಂಬಿವಲಿ (ಪೂರ್ವ)