ವಿಶೇಷ ಮಕ್ಕಳಿಗೂ ಮುಪ್ಪು ಬರುತ್ತದೆ

ಮಾನ್ಯ ಸಂಪಾದಕರೇ,

ಬೌದ್ಧಿಕ ಅಸಾಮರ್ಥ್ಯವುಳ್ಳವರ ವಿಚಾರ ಬಂದಾಗಲೆಲ್ಲ ನಮ್ಮ ಕರಾವಳಿಯಲ್ಲಿ ‘ವಿಶೇಷ ಮಕ್ಕಳು’ ಎಂಬ ಮಾತೇ ರೂಢಿಯಲ್ಲಿದೆ. ನನ್ನ ತಮ್ಮನನ್ನೂ ಊರವರು ಇಂದಿಗೂ ಹಾಗೆಯೇ ಕರೆಯುತ್ತಾರೆ, ಅದೂ ಪ್ರೀತಿಯಿಂದಲೇ. ಅವನಿಗೀಗ 47 ವರ್ಷ. ತಲೆ ನರೆತಿದೆ, ಅರ್ಧಕ್ಕರ್ಧ ಹಲ್ಲು ಉದುರಿದೆ. ದಿನಾ ಅವನನ್ನು ಮೀಯಿಸುವ ನಮ್ಮ ಅಮ್ಮನಿಗೆ 78. ಮಕ್ಕಳೆಂದೇ ಕರೆದು ಅಭ್ಯಾಸವಾಗಿರುವುದರಿಂದ ಇವರಿಗೂ ಮುಪ್ಪು ಬರುತ್ತದೆಂಬುದು ಆಸ್ಪತ್ರೆಗಳಿಗೂ ಕಚೇರಿಗಳಿಗೂ ಮನೆಯವರಾದ ನಮಗೂ ಹೊಳೆಯದೇ ಹೋಗಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಪತ್ರ.

ತಮ್ಮನಿಗೆ ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ. ಓದು ಬರಹ ಬಾರದಿದ್ದರೂ ಕೆಲಸದಲ್ಲಿ ಅವನು ಹಿಂದೆ ಬಿದ್ದವನಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು, ತೋಟ ದಾಟಿ, ತೋಡಿಗೆ ಹಾಕಿದ ಅಡಿಕೆ ಮರದ ಕಾಲುಸಂಕದ ಮೇಲೆ ನಡೆದು, ಸೊಸೈಟಿಗೆ ಹಾಲು ಕೊಟ್ಟು ಪುಸ್ತಕದಲ್ಲಿ ಬರೆಸಿಕೊಂಡು ಬರುವುದು ಅವನದೇ ಕೆಲಸವಾಗಿತ್ತು. ಮೂರು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಹೊಸತರಲ್ಲಿ, ಒಂದು ದಿನ ಅವನು ಸಂಕದ ಈಚೆಯೇ ನಿಂತುಬಿಟ್ಟ. ಒಂದು ಕಾಲು ಮುಂದಿಟ್ಟು, ಮರವನ್ನು ಪಾದದಿಂದ ತಡವಿ ನೋಡಿ, ಹಿಂದಕ್ಕೆ ತೆಗೆದುಕೊಂಡ. ನಾನು ಹುಡುಕಿಕೊಂಡು ಹೋದಾಗ ಕ್ಯಾನನ್ನು ಎದೆಗವಚಿಕೊಂಡು ಅಲ್ಲೇ ಕೂತಿದ್ದ. ನಾವು ಅದನ್ನು ಹಠವೆಂದುಕೊಂಡೆವು, ಗದರಿಸಿದೆವು ಕೂಡ. ಆ ಗದರಿಕೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮುಂದಿನ ತಿಂಗಳುಗಳಲ್ಲಿ ಅವನ ಮಾತು ಕಡಿಮೆಯಾಯಿತು, ಹಗಲೆಲ್ಲ ತೂಕಡಿಸತೊಡಗಿದ. ಕರೆದೊಯ್ದ ಆಸ್ಪತ್ರೆಯೊಂದರಲ್ಲಿ ವೈದ್ಯರು ಅವನ ಮುಖ ನೋಡಿ, ‘ಇಂಥವರಲ್ಲಿ ಇದೆಲ್ಲ ಇದ್ದದ್ದೇ, ಏನೂ ಮಾಡಲಿಕ್ಕಿಲ್ಲ’ ಎಂದು ಕಳುಹಿಸಿದರು. ಎಂಟು ತಿಂಗಳು ಕಳೆದ ಮೇಲೆ ಬೇರೊಬ್ಬ ವೈದ್ಯೆ ಕಣ್ಣಿಗೆ ಟಾರ್ಚ್ ಹಿಡಿದು ನೋಡಿ, ರಕ್ತ ಪರೀಕ್ಷೆಗೂ ಬರೆದುಕೊಟ್ಟಾಗಲೇ ವಿಷಯ ತಿಳಿದದ್ದು: ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಥೈರಾಯ್ಡ್ ತೀರಾ ಇಳಿದಿತ್ತು. ಆಪರೇಷನ್ ಆಗಿ, ಮಾತ್ರೆ ಶುರುವಾದ ಮೇಲೆ ಅವನು ಮತ್ತೆ ಸಂಕ ದಾಟಿದ. ಅಂದರೆ ಎಂಟು ತಿಂಗಳು ಅವನಿಗೆ ಕಣ್ಣು ಕಾಣುತ್ತಿರಲಿಲ್ಲ, ಅದನ್ನು ಹೇಳಲು ಅವನಿಗೆ ಮಾತು ಬರುತ್ತಿರಲಿಲ್ಲ, ಕೇಳಬೇಕಾದವರು ಕೇಳಲಿಲ್ಲ.

ಡೌನ್ ಸಿಂಡ್ರೋಮ್ ಇರುವವರಿಗೆ ಕಣ್ಣಿನ ಪೊರೆ, ಕಿವುಡುತನ, ಥೈರಾಯ್ಡ್ ಕೊರತೆ ಇತರರಿಗಿಂತ ಬೇಗನೆ ಮತ್ತು ಹೆಚ್ಚಾಗಿ ಬರುತ್ತವೆ. ಇದಕ್ಕಿಂತ ಭಾರವಾದ ಸಂಗತಿ ಇನ್ನೊಂದಿದೆ. ಇವರ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ. ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗಲು ಕಾರಣವಾಗುವ ವಂಶವಾಹಿ ಇರುವುದು ಅದೇ ವರ್ಣತಂತುವಿನಲ್ಲಿ. ಹಾಗಾಗಿ 40 ದಾಟುವ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಗುರುತುಗಳು ಮೂಡಿರುತ್ತವೆ, ಹಲವರಲ್ಲಿ 50ರ ಆಸುಪಾಸಿನಲ್ಲಿ ಮರೆವು ಕಾಣಿಸಿಕೊಳ್ಳುತ್ತದೆ. ಹಿಂದೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ, ಏಕೆಂದರೆ ಇವರು ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲ. ಅಮೆರಿಕದಂಥ ದೇಶದಲ್ಲೇ 1983ರಲ್ಲಿ ಇವರ ಸರಾಸರಿ ಆಯುಸ್ಸು 25 ವರ್ಷವಿದ್ದು, ಹೃದಯದ ಶಸ್ತ್ರಚಿಕಿತ್ಸೆ ಮತ್ತು ಒಳ್ಳೆಯ ಆರೈಕೆಯಿಂದಾಗಿ ಇಂದು 60ರ ಹತ್ತಿರಕ್ಕೆ ಬಂದಿದೆ. ಅಪಸ್ಮಾರಕ್ಕಾಗಿ ಹತ್ತಾರು ವರ್ಷ ಮಾತ್ರೆ ನುಂಗಿದವರ ಮೂಳೆ ಸವೆಯುವುದು, ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವವರಿಗೆ ನಲವತ್ತರಲ್ಲೇ ಕೀಲುನೋವು ಹಿಡಿಯುವುದು ಕೂಡ ಇದೇ ಕಥೆಯ ಭಾಗ.

ತೊಂದರೆಯೆಂದರೆ, ಮರೆವನ್ನು ಅಳೆಯುವ ಸಾಮಾನ್ಯ ಪರೀಕ್ಷೆ ಇವರಿಗೆ ಹೊಂದುವುದಿಲ್ಲ. ಇಂದಿನ ತಾರೀಕು ಕೇಳಿದರೆ ನನ್ನ ತಮ್ಮ ಯಾವ ಕಾಲದಲ್ಲೂ ಹೇಳಿದವನಲ್ಲ. ಅವನನ್ನು ಅವನ ಜೊತೆಗೇ ಹೋಲಿಸಿ ನೋಡಬೇಕು: ಮೊದಲು ತಾನೇ ಪಂಚೆ ಉಡುತ್ತಿದ್ದನೇ, ಮನೆಗೆ ಬಂದವರ ಗುರುತು ಹಿಡಿಯುತ್ತಿದ್ದನೇ, ಈಗ ಏನು ಬದಲಾಗಿದೆ? 30–35ರ ಪ್ರಾಯದಲ್ಲೇ ಇದನ್ನೆಲ್ಲ ಬರೆದಿಟ್ಟಿದ್ದರೆ ಮುಂದೆ ವೈದ್ಯರಿಗೆ ಆಧಾರ ಸಿಗುತ್ತದೆ. ಇಂಥವರಿರುವ ಮನೆಯವರಲ್ಲಿ ನನ್ನ ವಿನಂತಿಯೆಂದರೆ, ಅವರು ಉಣ್ಣುವುದನ್ನು, ನಡೆಯುವುದನ್ನು, ಮಾತನಾಡುವುದನ್ನು ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನಮ್ಮಲ್ಲಿ ಹಾಗೆ ಏನೂ ಇರಲಿಲ್ಲ.

ಇನ್ನು ನೋಡಿಕೊಳ್ಳುವವರ ಮಾತು. ಮಂಗಳೂರಿನ ಸೈಂಟ್ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ, ಉಡುಪಿಯ ಆಶಾ ನಿಲಯದಂಥ ಸಂಸ್ಥೆಗಳಿರುವುದು ನಮ್ಮೆರಡು ಜಿಲ್ಲೆಗಳ ಭಾಗ್ಯವೇ ಸರಿ. ಆದರೆ ಕಾನೂನು ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18 ವರ್ಷದವರೆಗೆ. ಹಿರಿಯ ನಾಗರಿಕರೆನಿಸಿಕೊಳ್ಳಲು 60 ತುಂಬಬೇಕು; ಆಯುಷ್ಮಾನ್ ಭಾರತ್‌ನಲ್ಲಿ ವಯಸ್ಸಿನ ಆಧಾರದ ಮೇಲೆ ಕಾರ್ಡ್ ಸಿಗಲು 70 ಆಗಬೇಕು. 45ಕ್ಕೇ ಮುದುಕನಾದವನು ಈ ಯಾವ ಲೆಕ್ಕದಲ್ಲೂ ಇಲ್ಲ. ವೃದ್ಧಾಶ್ರಮವೊಂದರಲ್ಲಿ ವಿಚಾರಿಸಿದಾಗ ಪ್ರಾಯ ಸಾಲದು ಎಂದರು, ವಿಶೇಷ ಮಕ್ಕಳ ವಸತಿಗೃಹವೊಂದರಲ್ಲಿ ಪ್ರಾಯ ಹೆಚ್ಚಾಯಿತು ಎಂದರು. ಒಡಹುಟ್ಟಿದವರು ಮುಂಬೈ, ಗಲ್ಫ್, ಬೆಂಗಳೂರು ಸೇರಿರುವ ಮನೆಗಳಲ್ಲಿ ಎಂಬತ್ತರ ತಾಯಿ ಐವತ್ತರ ಮಗನನ್ನು ಎತ್ತಿ ಕೂರಿಸಬೇಕಾಗಿದೆ.

ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲದ ಕಡೆಯ, ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳುತ್ತಿರುವ ಕುಟುಂಬಗಳನ್ನು ನೆನೆದರೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವಿಷ ಸುರಿದ ವರ್ಷಗಳಲ್ಲಿ ಹುಟ್ಟಿದವರು ಇಂದು ನಡುವಯಸ್ಸಿಗೆ ಬರುತ್ತಿದ್ದಾರೆ. ಸುಪ್ರೀಂ ಕೋರ್ಟ್ 2011ರಲ್ಲಿ ಆ ಕೀಟನಾಶಕವನ್ನು ತಡೆದರೂ ಅವರ ತಂದೆತಾಯಂದಿರ ಪ್ರಾಯ ತಡೆದು ನಿಂತಿಲ್ಲ. ಹಗಲು ಪಾಲನಾ ಕೇಂದ್ರ ಒಳ್ಳೆಯದೇ. ಆದರೆ ಅದು ಸಂಜೆ ಬಾಗಿಲು ಹಾಕುತ್ತದೆ, ರಾತ್ರಿ ಮಗ್ಗುಲು ಬದಲಿಸಲು ತಾಯಿಯೇ ಏಳಬೇಕು.

ಆಗಬೇಕಾದ ಕೆಲಸಕ್ಕೆ ಹೊಸ ಕಾಯ್ದೆಯೇನೂ ಬೇಡ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಇದೆ. ಅದರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರವಿದೆ. ಮಗನಿಗೆ 18 ತುಂಬಿದ ಮೇಲೆ ತಾಯಿಯ ಪಾಲಕತ್ವ ಕಾನೂನಿನ ಕಣ್ಣಿನಲ್ಲಿ ತಾನಾಗಿಯೇ ಮುಂದುವರಿಯುವುದಿಲ್ಲ ಎಂಬುದು ನಮಗೆ ತಿಳಿದದ್ದು ಬ್ಯಾಂಕಿನ ಕೌಂಟರಿನಲ್ಲಿ, ಅವನಿಗೆ 44 ಆದಾಗ. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ, ಅದಕ್ಕೆ ವಯಸ್ಸಿನ ಮಿತಿಯಿಲ್ಲ; ಪ್ರತಿವರ್ಷ ನವೀಕರಿಸಬೇಕಷ್ಟೆ. ಇವನ್ನೆಲ್ಲ ಎಪ್ಪತ್ತು ದಾಟಿದ ತಾಯಿ ಮಣಿಪಾಲದ ಜಿಲ್ಲಾ ಕಚೇರಿಗೆ ಮೂರು ಬಸ್ಸು ಹತ್ತಿಳಿದು ತಿಳಿದುಕೊಳ್ಳಬೇಕೆಂದರೆ ಅದು ನ್ಯಾಯವಲ್ಲ. ಆ ಸಮಿತಿ ತಾಲೂಕಿಗೆ ಬರಲಿ. ತಾಯಿ ತೀರಿಕೊಂಡ ಮೇಲೆ ಪಾಲಕರನ್ನು ಹುಡುಕುವ ಬದಲು, ಆಕೆ ಇರುವಾಗಲೇ, ಆಕೆಯ ಎದುರಿನಲ್ಲೇ, ಮತ್ತು ಆ ಮಗನಿಗೆ ಯಾರ ಜೊತೆ ಇರಲು ಇಷ್ಟವೆಂದು ಅವನನ್ನೂ ಕೇಳಿ, ಈ ಕೆಲಸ ಮುಗಿಯಲಿ.

ಆಸ್ಪತ್ರೆಗಳ ಬಗ್ಗೆಯೂ ಒಂದು ಮಾತು. ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ಮಂಗಳೂರು, ಮಣಿಪಾಲದ ನಡುವೆ, ಮಂಗಳೂರಿನ ಸರ್ಕಾರಿ ಆಸ್ಪತ್ರೆಯಾದ ವೆನ್ಲಾಕ್‌ನಲ್ಲೂ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೂ ತಿಂಗಳಿಗೊಂದು ದಿನವನ್ನು 35 ದಾಟಿದ ಇಂಥವರಿಗಾಗಿ ಮೀಸಲಿಟ್ಟು, ಕಣ್ಣು, ಕಿವಿ, ಹಲ್ಲು, ಥೈರಾಯ್ಡ್, ಮೂಳೆ ಇಷ್ಟನ್ನು ಒಂದೇ ಸೂರಿನಡಿ ನೋಡಿ ಕಳುಹಿಸುವುದು ಅಸಾಧ್ಯವೆಂದು ನನಗೆ ತೋರುವುದಿಲ್ಲ. ತಾಯಿ ಕಾಯಿಲೆ ಬಿದ್ದಾಗ ಹತ್ತು ಹದಿನೈದು ದಿನ ಮಗನನ್ನು ಇಟ್ಟುಕೊಳ್ಳುವ ತಾತ್ಕಾಲಿಕ ವಸತಿ ಜಿಲ್ಲೆಗೊಂದಾದರೂ ಬೇಕು. ಕಳೆದ ಶ್ರಾವಣದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ ನನಗದು ಅರ್ಥವಾಯಿತು. ಆಕೆ ಆಸ್ಪತ್ರೆಯಲ್ಲಿದ್ದ ಆರು ದಿನ ಅವನು ಊಟ ಮುಟ್ಟಲಿಲ್ಲ. ಅಮ್ಮನ ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಚಾವಡಿಯಲ್ಲೇ ಕೂತಿದ್ದ.

ಪ್ರತಿ ಗ್ರಾಮ ಪಂಚಾಯತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ದಾಖಲೆಗಳೂ ಇವೆ. ಬೌದ್ಧಿಕ ಅಸಾಮರ್ಥ್ಯವುಳ್ಳವರನ್ನು ಒಬ್ಬರೇ ನೋಡಿಕೊಳ್ಳುತ್ತಿರುವ, 65 ದಾಟಿದ ತಂದೆತಾಯಂದಿರ ಪಟ್ಟಿಯೊಂದನ್ನು ಮುಂದಿನ ಮಳೆಗಾಲದೊಳಗೆ ಎರಡೂ ಜಿಲ್ಲಾಡಳಿತಗಳು ತಯಾರಿಸಲಿ ಎಂದು ಈ ಪತ್ರಿಕೆಯ ಮೂಲಕ ಕೋರುತ್ತೇನೆ. ನಮ್ಮ ಪಂಚಾಯತಿಯ ಪಟ್ಟಿಯಲ್ಲಿ ನನ್ನ ಅಮ್ಮನ ಹೆಸರನ್ನು ನಾನೇ ಹೋಗಿ ಬರೆಸುತ್ತೇನೆ.

ಇತಿ,
ಒಬ್ಬ ಅಕ್ಕ
ಕಟಪಾಡಿ, ಉಡುಪಿ ಜಿಲ್ಲೆ